ತಲೆಕೆಳಗಾಗಿ ಇಳಿದ ಹೊಗೆಕೊಳವೆ

ವೇಲ್ಸಿನ ಒಂದು ಗಣಿಯೂರಿನ ಅಂಚೆ ಕಚೇರಿಯ ಸಾಲಿನಲ್ಲಿ ನಿಂತು ನೆರಿಸ್, ಮೊಮ್ಮಗಳಿಗೆ ಹೆಣೆದ ಸ್ವೆಟರಿನ ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದಳು. ಅವಳ ಮುಂದೆ ಡಿಲಿಸ್; ಡಿಲಿಸ್‌ಳ ಪಕ್ಕದಲ್ಲಿ ನಿಂತ ಗಂಡ ಇಡ್ರಿಸ್ ಹೆಂಡತಿಯನ್ನು ಅವಸರಪಡಿಸುತ್ತಿದ್ದ.

"ಹಾಕ್ಬಿಡೇ ಅಕ್ಕನಿಗೆ ಬರೆದ ಆ ಕಾಗದಾನ. ಹೊಸ ಒಲೆ ಕೂರಿಸಾಯ್ತು, ಚಿಮಣಿಗೆ ಕೊಳವೆ ಇಳಿಸಾಯ್ತು. ನಿಮ್ಮಕ್ಕ ಬಂದು ಚಳಿಗಾಲ ಕಳೀಲಿ."

"ತಿಂಗಳಿಂದ ನನ್ನ ಚೀಲದಲ್ಲೇ ಇದೆ, ಇನ್ನೂ ಇರ್ಲಿ. ಮತ್ತೆ ಕೇಳ್ತೀನಿ, ಕೊಳವೆ ಮೇಲಿನ ಬಾಣ ಯಾವ ಕಡೆಗಿತ್ತು?"

"ಹೊಗೆಗೇನು ಓದೋಕೆ ಬರುತ್ತಾ?"

"ಬಾಣ ಮೇಲಕ್ಕಿರ್ಬೇಕು. ತಲೆಕೆಳಗಾಗಿದ್ರೆ ಹೊಗೆಜಿಡ್ಡು ಸಂದಿಯಲ್ಲಿ ಸೋರಿ, ಗೋಡೆ ಒಳಗೇ ಬೆಂಕಿ ಹತ್ಕೊಳ್ಳುತ್ತೆ. ಅದೇ ಗೋಡೆಗೆ ತಲೆ ಕೊಟ್ಟು ಮಲಗೋಳು ಅಕ್ಕ."

"ಗಣಿಯಲ್ಲಿ ಜೀವ ಸವೆಸಿದೋನಿಗೆ ಪಾಠ ಹೇಳ್ತೀಯಾ?"

"ಪಾಠ ಬೇಡ. ಯಾವ ಕಡೆಗಿತ್ತು, ಅಷ್ಟು ಹೇಳು."

ಇಡ್ರಿಸ್ ಟೋಪಿ ತೆಗೆದು ಮತ್ತೆ ಇಟ್ಟುಕೊಂಡ. ನೆರಿಸ್‌ಳ ಕೈಯ ದಾರ ಅಲ್ಲೇ ನಿಂತಿತು.

"ಕೆಳಕ್ಕಿತ್ತು. ಅರ್ಧ ಇಳಿಸಿದ ಮೇಲೆ ಕಣ್ಣಿಗೆ ಬಿತ್ತು. ನಿನ್ನ ತಮ್ಮ ಸೂರಿನ ಮೇಲೆ ನನ್ನ ಪಕ್ಕದಲ್ಲೇ ನಿಂತಿದ್ದ. ಅವನೆದುರಿಗೆ ವಾಪಸ್ ಎಳೆಯೋಕೆ ನಾಚಿಕೆ ಆಯ್ತು."

"ಹಾಗಾದ್ರೆ ಅವನನ್ನೇ ಕರಿ. ಇಬ್ಬರೂ ಸೇರಿ ಹೊರಗೆಳೀರಿ."

"ಊರ ತುಂಬಾ ಆಡ್ಕೊಂಡು ನಗ್ತಾನೆ ಅವನು."

"ನಗ್ಲಿ. ಅಕ್ಕ ಬದುಕಿರ್ತಾಳೆ."

ಇಡ್ರಿಸ್ ಸಾಲಿನಲ್ಲಿ ಒಂದು ಹೆಜ್ಜೆ ಮುಂದೆ ಸರಿದ.

"ನಾಳೇನೇ ಕರೀತೀನಿ. ಸರಿಹೋಗೋವರೆಗೂ ಒಲೆಗೆ ಕಡ್ಡಿ ಗೀರಲ್ಲ."

"ಇಷ್ಟು ಬಾಯಿಬಿಡೋಕೆ ತಿಂಗಳು ಬೇಕಾಯ್ತು ನಿನಗೆ."

ಡಿಲಿಸ್ ಕಿಟಕಿಯಲ್ಲಿ ಅಂಚೆಚೀಟಿ ಕೊಂಡು, ನಾಲಿಗೆಯಿಂದ ಒದ್ದೆಮಾಡಿ ಅಂಟಿಸಿ, ಕಾಗದವನ್ನು ಡಬ್ಬಿಯೊಳಗೆ ಬಿಟ್ಟಳು. ಇಡ್ರಿಸ್ ಬಾಗಿಲು ಹಿಡಿದು ನಿಂತಿದ್ದ. ಅವಳು ಅವನ ಮುಖ ನೋಡದೆಯೇ ಅವನ ತೋಳಿಗೆ ಕೈಹಾಕಿ ಹೊರನಡೆದಳು.