ಎಡ ತೋಳಿನ ಕುಂಕುಮ

ದೊಡ್ಡಮುನಿಯಮ್ಮ, ಗಂಡ ಮುನಿವೆಂಕಟಪ್ಪ (ತೀರಿಹೋಗಿದ್ದಾರೆ), ವಯಸ್ಸು 54, ಕಸುಬು ಕುರಿ ಸಾಕಣೆ, ತಮಿಳುನಾಡಿನ ಪೆನ್ನಾಗರಂನಿಂದ ಆರು ಕಿಲೋಮೀಟರ್ ದೂರದ ಕುರಿದೊಡ್ಡಿಯ ವಾಸಿಯಾದ ನಾನು ಠಾಣೆಗೆ ಒಬ್ಬಳೇ ಬಂದು ನನ್ನ ಮಾತಿನಲ್ಲೇ ಬರೆಸುವುದೇನೆಂದರೆ:

ಧರ್ಮಪುರಿಯ ಖಾಸಗಿ ಆಸ್ಪತ್ರೆಯವರು ಕೊಡುತ್ತೇವೆಂದದ್ದು, ನನ್ನ ಗಂಡನ ಚಿಕಿತ್ಸೆಯ ಕಾಗದದ ನಕಲು. ಡಾಕ್ಟರ ಜೊತೆ ಮುಖಾಮುಖಿ ಮಾತು. ಎರಡೂ ಕೊಡಲಿಲ್ಲ. ಅವರು ನಡೆದೇ ಇಲ್ಲವೆಂದದ್ದು, ಇನ್ಸುಲಿನ್ ಎರಡು ಸಲ ಚುಚ್ಚಿದ್ದು. ಚುಚ್ಚಿದರು. ನಾನು ನೋಡಿದೆ.

ಜೂನ್ 10ರಂದು ಕಾಲಿನ ಹುಣ್ಣಿಗೂ ಸಕ್ಕರೆ ಕಾಯಿಲೆಗೂ ಗಂಡನನ್ನು ಅಲ್ಲಿ ಸೇರಿಸಿದೆ. 11ರ ಬೆಳಿಗ್ಗೆ 7:10ಕ್ಕೆ ರಾತ್ರಿ ಪಾಳಿಯ ನರ್ಸ್ ಎಡ ತೋಳಿಗೆ ಇನ್ಸುಲಿನ್ ಹಾಕಿ, ತಿಂಡಿ ಕೊಡಿ ಎಂದು ಹೇಳಿ ಮನೆಗೆ ಹೊರಟರು. ನಮ್ಮಲ್ಲಿ ಕುರಿಗೆ ಔಷಧಿ ಕುಡಿಸಿದ ತಕ್ಷಣ ಅದರ ತಲೆಗೆ ಗುರುತಿಗೆ ಕೆಂಪು ಕಾವಿ ಬಳಿಯುತ್ತೇವೆ. ಕಾವಿ ಬಿದ್ದ ಕುರಿಯನ್ನು ಯಾರೂ ಮತ್ತೆ ಕುಡಿಸಲು ಹಿಡಿಯುವುದಿಲ್ಲ. ಆಸ್ಪತ್ರೆಯಲ್ಲಿ ಕಾವಿ ಎಲ್ಲಿಂದ ಬರಬೇಕು? ನನ್ನ ಕುಂಕುಮದ ಡಬ್ಬಿ ತೆಗೆದು, ಸೂಜಿ ಚುಚ್ಚಿದ ಜಾಗದ ಮೇಲೆ ಬೊಟ್ಟು ಒತ್ತಿದೆ. ಗಂಡ ನಕ್ಕು, ನನ್ನೂ ಮಂದೆಗೆ ಸೇರ್ಸ್‌ಬುಟ್ಟಾ ಲೇ, ಇನ್ ಮೇಚೇರಿ ಕುರಿ ಸಂತೆಗೆ ಒಡ್ಕೊಂಡೋಗು ಎಂದರು. ಆಮೇಲೆ ಅವರು ನಗಲಿಲ್ಲ.

7:50ಕ್ಕೆ ಹಗಲು ಪಾಳಿಯ ನರ್ಸ್ ಸಂಧ್ಯಾ ಸೂಜಿ ಹಿಡಿದು ಬಂದಳು. ಆಗಲೇ ಹಾಕಿಯಾಯಿತೆಂದು ತಮಿಳಿನಲ್ಲಿ ಹೇಳಿದೆ. ಕಾಗದದಲ್ಲಿ ಬರೆದಿಲ್ಲ, ನಿಮಗೆ ಗೊತ್ತೋ ನಮಗೆ ಗೊತ್ತೋ, ವೆಳಿಯೆ ನಿಲ್ಲುಂಗಮ್ಮಾ, ಹೊರಗೆ ನಿಲ್ಲಿ, ಎಂದಳು. ಕುಂಕುಮ ತೋರಿಸಿದೆ. ದೇವಸ್ಥಾನದ ಪ್ರಸಾದವೆಂದುಕೊಂಡು, ಸಾಮಿ ಕಾಪಾಡುತ್ತಾನೆ ಎನ್ನುತ್ತಾ ಸ್ಪಿರಿಟ್ ಹತ್ತಿಯಿಂದ ಒರೆಸಿ, ಅಲ್ಲೇ ಚುಚ್ಚಿದಳು. ಗುರುತು ಎಂದರೆ ಎಲ್ಲರಿಗೂ ಗುರುತೇ ಎಂದುಕೊಂಡದ್ದು ನನ್ನ ತಪ್ಪು. ಅವಳ ಕೈ ಹಿಡಿಯದೆ ಬಾಗಿಲಾಚೆ ಹೋಗಿ ನಿಂತದ್ದೂ ನನ್ನ ತಪ್ಪು. ಇವೆರಡನ್ನೂ ಬರೆದುಕೊಳ್ಳಿ.

ಗಂಡ ಒಂದು ಇಡ್ಲಿ ತಿಂದರು. 9:20ಕ್ಕೆ ಮೈಯೆಲ್ಲ ಬೆವರಿ, ಯಾರಮ್ಮಾ ನೀನು ಎಂದು ನನ್ನನ್ನೇ ಕೇಳಿದರು. 9:35ಕ್ಕೆ ಸಕ್ಕರೆ ಅಳೆಯುವ ಮೆಷಿನ್ 28 ತೋರಿಸಿತು, ಎಪ್ಪತ್ತರ ಕೆಳಗೆ ಇಳಿಯಬಾರದಂತೆ. ನನಗೆ ಓದು ಬರದು, ಅಂಕಿ ಬರುತ್ತದೆ. ನಮ್ಮ ಕುರಿಗಳೂ ಇಪ್ಪತ್ತೆಂಟೇ. ಗ್ಲೂಕೋಸ್ ಏರಿಸಿದರೂ 11:40ಕ್ಕೆ ಜೀವ ಹೋಯಿತು. ಹೃದಯ ನಿಂತಿತು ಎಂದರು ಡಾಕ್ಟರ್. ಯಾಕೆ ನಿಂತಿತೆಂದು ಕೇಳಿದರೆ ಎದ್ದು ಹೋದರು.

ದೂರು ಕೊಡುತ್ತೇನೆಂದದ್ದಕ್ಕೆ ಮೈದುನ ಗೋವಿಂದರಾಜ್, ಬುಡು ಅತ್ತಿಗೆ, ಓದ ಜೀವ ಬಂದಾದಾ, ನಾಳೆ ನನ್ ಮಕ್ಕಳ್ನ ಅದೇ ಡಾಕ್ಟ್ರತ್ರ ತಾನೆ ಕರ್ಕೊಂಡೋಗ್ಬೇಕು ಎಂದ. ಊರವರು ವಿಧಿ ಎನ್ನುತ್ತಾರೆ. ಕುರಿಗೆ ಎರಡು ಸಲ ಕುಡಿಸಿ ಕೊಂದವನ ಮುಖಕ್ಕೆ ಇದೇ ಊರು ಉಗಿಯುತ್ತದೆ. ಮನುಷ್ಯ ಸತ್ತರೆ ವಿಧಿಯೇ? 21ರಂದು, ಹನ್ನೊಂದನೇ ದಿನದ ಕಾರ್ಯದಲ್ಲಿ, ನನ್ನ ಹಣೆಯ ಕುಂಕುಮವನ್ನೂ ಒರೆಸಿದರು. ನಮಗೆ ಮಕ್ಕಳಿಲ್ಲ. ಸಂಜೆ ಕುರಿ ಕೂಡಿದ ಮೇಲೆ, ಎಲ್ಲ ಬಂದ್ವಾ ಲೇ ಎಂದು ಕೇಳುವವರಿಲ್ಲ.

22ರಂದು ಆಸ್ಪತ್ರೆಯ ಮ್ಯಾನೇಜರ್ ಸೆಂದಿಲ್‌ಕುಮಾರ್ ಮನೆಗೆ ಬಂದು, ನನ್ನ ದೂರೇನೂ ಇಲ್ಲ ಎಂಬ ಕಾಗದಕ್ಕೆ ಹೆಬ್ಬೆಟ್ಟು ಕೇಳಿದರು. ಒತ್ತಲಿಲ್ಲ. ಸಂಧ್ಯಾ ಸಣ್ಣ ಹುಡುಗಿ. ಅವಳನ್ನು ಜೈಲಿಗೆ ಕಳಿಸಲು ನಾನು ಬಂದಿಲ್ಲ. ಒಂದು ಪಾಳಿ ಮಾಡಿದ್ದು ಇನ್ನೊಂದು ಪಾಳಿಗೆ ತಿಳಿಯದ ಹಾಗೆ ಆಸ್ಪತ್ರೆ ನಡೆಸುವವರು ನನ್ನೆದುರು ಕೂರಬೇಕು. ಎರಡು ಸಲ ಹಾಕಿದೆವು ಎಂದು ಬಾಯಿಬಿಟ್ಟು ಹೇಳಬೇಕು, ಬರೆದುಕೊಡಬೇಕು. ನನಗೆ ಬೇಕಾದದ್ದು ಇಷ್ಟೇ.

ಬರೆದುಕೊಂಡ, ಕನ್ನಡ ಬಲ್ಲ ಪೊಲೀಸಿನವರು ಗಣೇಶನ್ ಇದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ. ಆಸ್ಪತ್ರೆಗೆ ಕೊಡದ ಹೆಬ್ಬೆಟ್ಟನ್ನು ಇದಕ್ಕೆ ಒತ್ತಿದ್ದೇನೆ.

ಪೆನ್ನಾಗರಂ, 24 ಜೂನ್ 2024
ದೊಡ್ಡಮುನಿಯಮ್ಮ (ಎಡಗೈ ಹೆಬ್ಬೆಟ್ಟು)

ಮತ್ತೆ ಸೇರಿಸಿ ಬರೆಸಿದ್ದು: ದೂರಿನ ಸುದ್ದಿ ತಿಳಿದು ಆಸ್ಪತ್ರೆಯವರು ತಮ್ಮ ಕಚೇರಿಯಲ್ಲಿ ಮಾತುಕತೆಗೆ ಕರೆದಿದ್ದಾರೆ. ಅದೇ ಕುಂಕುಮದ ಡಬ್ಬಿ ಹಿಡಿದು ಹೋಗುತ್ತೇನೆ. ಕರೆದ ಹೊತ್ತು ಗುರುವಾರ, ಜೂನ್ 27, ಬೆಳಿಗ್ಗೆ 10:30.