ಗೋಡೆಯ ಹನ್ನೆರಡು ಪೈಪುಗಳು

ಹಾರ್ಡ್‌ವೇರ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಇಬ್ಬರಿದ್ದರು. ಗುಡ್ಡದ ಇಳಿಜಾರಿನ ಹಳೆಯ ಮನೆಯೊಂದರ ಸೊಸೆ, ಮತ್ತು ಆ ಮನೆಯ ಹಿಂದೆ ಮಣ್ಣು ಜಾರದಂತೆ ಹೋದ ವರ್ಷ ಕಾಂಕ್ರೀಟ್ ಗೋಡೆ ಕಟ್ಟಿದ ಮೇಸ್ತ್ರಿ. ಇದು ಅವರ ಮಾತಿನಿಂದಲೇ ತಿಳಿಯಿತು.

"ನೀವು ಮುಚ್ಚೋಕೆ ಮರೆತ ತೂತೆಲ್ಲ ನಾನೇ ಮುಚ್ಚಿದೆ ಮೇಸ್ತ್ರಿ. ಕೂಲಿ ನನಗೆ ಕೊಡ್ಬೇಕು ನೀವು."

"ಯಾವ ತೂತು ಅಕ್ಕಾ?"

"ಗೋಡೇಲಿ ಹನ್ನೆರಡು ಪೈಪ್ ತುಂಡು ಬಿಟ್ಟಿದ್ರಲ್ಲ. ಕೆಸರು ನೀರು ಸೋರಿ ಹಿತ್ತಲೆಲ್ಲ ಗಲೀಜು. ಒಂದೂ ಬಿಡದೆ ಸಿಮೆಂಟ್ ಜಡಿದೆ."

ಮೇಸ್ತ್ರಿ ನಗಲಿಲ್ಲ.

"ಅಕ್ಕಾ, ಅದು ಬೇಕಂತಲೇ ಬಿಟ್ಟಿದ್ದು! ಗುಡ್ಡದ ನೀರು ಹೊರಗೆ ಬರೋ ದಾರಿ ಅದೇ. ಮುಚ್ಚಿದ್ರೆ ನೀರು ಹಿಂದೆ ನಿಂತು ಗೋಡೇನೇ ತಳ್ಳುತ್ತೆ."

"ಹೇಳ್ಬಾರದಿತ್ತಾ?"

"ಗೊತ್ತಿರುತ್ತೆ ಅಂದ್ಕೊಂಡೆ. ಗೋಡೆ ನೆಟ್ಟಗಿದೆಯಾ?"

"ನಡುವೆ ಸ್ವಲ್ಪ ಹೊಟ್ಟೆ ಬಂದಿದೆ. ಬಿರುಕೂ ಇದೆ. ಮೆತ್ತೋಣ ಅಂತಾನೇ ಈ ಸಿಮೆಂಟ್ ಮೂಟೆ."

"ಬಿರುಕಲ್ಲಿ ಬೆರಳು ಹೋಗುತ್ತಾ?"

"ನಿನ್ನೆ ಇಲ್ಲ. ಇವತ್ತು ಎರಡು ಹೋಗುತ್ತೆ."

"ಅಯ್ಯಯ್ಯೋ! ಗೋಡೆ ಕಡೆ ಕೋಣೇಲಿ ಯಾರಿದಾರೆ?"

"ಅತ್ತೆ. ಊಟ ಮಾಡಿ ಮಲಗಿರ್ತಾರೆ."

ಫೋನ್ ಆಗಲೇ ಆಕೆಯ ಕೈಯಲ್ಲಿತ್ತು. ಮೂರನೆಯ ಸಲಕ್ಕೆ ಅತ್ತೆ ಫೋನ್ ಎತ್ತಿದರು.

"ಅತ್ತೆ, ಎದ್ದೇಳಿ. ಬೀದಿಗೆ ಬನ್ನಿ... ಸೀರೆ ಹೇಗಿದ್ರೂ ಪರವಾಗಿಲ್ಲ. ಕನ್ನಡಕ ಬೇಡ! ಎದುರುಮನೆ ಜಗಲಿ ಮೇಲೆ ಕೂತ್ಕೊಂಡು ನನಗೆ ಹೇಳಿ."

ಮೇಸ್ತ್ರಿ ಸ್ಕೂಟರ್ ಕೀಲಿ ತೆಗೆದ. ಆಕೆ ಫೋನನ್ನು ಕಿವಿಗೆ ಒತ್ತಿಕೊಂಡೇ ಹಿಂದೆ ಕುಳಿತಳು.

"ಕೂತ್ರಾ ಅತ್ತೆ? ಕೂತ್ರಾ?"

ಉತ್ತರ ನನಗೆ ಕೇಳಿಸಲಿಲ್ಲ. ಸ್ಕೂಟರ್ ತಿರುವಿನಲ್ಲಿ ಮರೆಯಾಯಿತು. ಅಂಗಡಿಯವನು ಸಿಮೆಂಟ್ ಮೂಟೆಯನ್ನು ಒಳಕ್ಕೆ ಎಳೆದ.