ನಟೋವಿ ಧಕ್ಕೆಯಲ್ಲಿ ಜಪ್ತಿಯಾದ ಚಾಪೆಗಂಟು

ಹೆಸರು ಅಪಿಸಾಯಿ ನೈವಾಲು. ವಯಸ್ಸು ಇಪ್ಪತ್ತಮೂರು. ಉದ್ಯೋಗ, ಫಿಜಿಯ ದಕ್ಷಿಣ ಕರಾವಳಿಯ ಒಂದು ರೆಸಾರ್ಟಿನಲ್ಲಿ ಹಗಲು ಅತಿಥಿಗಳನ್ನು ನಗಿಸುವುದು, ಸಂಜೆ ಬೆಂಕಿ ಹಿಡಿದು ಕುಣಿಯುವುದು. ಸ್ವಂತ ಊರು ವುನಿಸೆಯಾ. ಸದ್ಯದ ವಾಸ ರೆಸಾರ್ಟಿನ ಅಡುಗೆಮನೆಯ ಹಿಂದಿರುವ ನೌಕರರ ಕೊಠಡಿ.

ಈ ಮೂಲಕ ತಿಳಿಸುವುದೇನೆಂದರೆ, ಈ ಪ್ರಕರಣದಲ್ಲಿ ದೂರು ಕೊಡುತ್ತಿರುವವನು ನಾನು. ದೂರು ಯಾರ ಮೇಲೋ ಅವನೂ ನಾನೇ. ವಸ್ತು ಕಳೆದುಕೊಂಡ ಹಿರಿಯರಾದ ಕೆಲೆಮೆದಿಯವರು ದೂರು ಕೊಡಲು ಒಪ್ಪದ್ದರಿಂದ ಎರಡೂ ಹುದ್ದೆಗಳು ನನ್ನ ಪಾಲಿಗೆ ಬಂದಿವೆ. ಇದನ್ನು ಬರೆದುಕೊಳ್ಳುತ್ತಿರುವ ಕಾರ್ಪೊರಲ್ ಸೈನಿಮಿಲಿಯವರು, "ಮೊದ್ಲು ಹಲ್ಲು ಕಿರಿಯೋದು ನಿಲ್ಸು, ಆಮೇಲೆ ಬರ್ಕೋತೀನಿ" ಎಂದಿದ್ದಾರೆ. ನಾನು ನಗುತ್ತಿಲ್ಲ. ನನ್ನ ಮುಖದ ಕಟ್ಟೇ ಹಾಗೆ. ಈ ಮುಖ ನೋಡಿಯೇ ನನಗೆ ಕೆಲಸ ಕೊಟ್ಟದ್ದು.

ಇಂದು ಬೆಳಿಗ್ಗೆ ಏಳಕ್ಕೆ ಆಸ್ಟ್ರೇಲಿಯಾದ ಆರು ಮಂದಿ ಅತಿಥಿಗಳನ್ನು ಕರೆದುಕೊಂಡು ರೆಸಾರ್ಟಿನಿಂದ ಹೊರಟೆ. ಹಳೆಯ ರಾಜಧಾನಿ ಲೆವುಕವನ್ನು ಅವರಿಗೆ ತೋರಿಸಿ, ಎರಡು ರಾತ್ರಿ ಉಳಿಸಿ, ವಾಪಸು ಕರೆದುಕೊಂಡು ಹೋಗುವುದು ನನಗೆ ವಹಿಸಿದ ಕೆಲಸ. ಸುವಾದಲ್ಲಿ ಊಟ ಮುಗಿಸಿ ಒಂದು ಗಂಟೆಯ ಲೆವುಕ ಬಸ್ಸು ಹತ್ತಿದೆವು. ಚಾಲಕ ರಾಮ್‌ಸಮುಝ್. ಈ ಬಸ್ಸು ನಟೋವಿ ಧಕ್ಕೆಯಲ್ಲಿ ಜನರ ಸಮೇತ ಹಡಗು ಹತ್ತಿ ಲೆವುಕ ಇರುವ ದ್ವೀಪಕ್ಕೆ ಹೋಗುತ್ತದೆಂಬುದು ಠಾಣೆಗೆ ಗೊತ್ತಿರುವ ವಿಷಯ.

ದಾರಿಯಲ್ಲಿ ಅತಿಥಿಗಳಿಗೆ ಬೇಸರವಾಗಬಾರದೆಂದು ತೌವು ಸಂಬಂಧದ ಬಗ್ಗೆ ಭಾಷಣ ಮಾಡಿದೆ. ಒಂದೇ ದೇವರಿಗೆ ಹುಟ್ಟಿದ ಎರಡು ಊರಿನವರು ಪರಸ್ಪರ ತೌವು. ಭಾವ-ಮೈದುನರಿಗಿಂತ ಹೆಚ್ಚು ಸಲಿಗೆ. ಬಾಯಿಗೆ ಬಂದದ್ದು ಅನ್ನಬಹುದು, ಕೈಗೆ ಸಿಕ್ಕಿದ್ದು ಎತ್ತಿಕೊಂಡು ಹೋಗಬಹುದು, ಕಳೆದುಕೊಂಡವನು ಸಿಟ್ಟು ಮಾಡುವಂತಿಲ್ಲ. ನಮ್ಮ ವುನಿಸೆಯಾಕ್ಕೆ ನೈಮಾವು ಊರಿನವರು ತೌವು ಎಂದೂ ಹೇಳಿದೆ. ಮೇರಿಯನ್ ಎಂಬ ಅತಿಥಿ, ಒಮ್ಮೆ ಮಾಡಿ ತೋರಿಸು ಎಂದು ಕೇಳಿಕೊಂಡರು. ಅವರು ಕೇಳದಿದ್ದರೂ ನಾನು ಮಾಡುತ್ತಿದ್ದೆ. ಆದ್ದರಿಂದ ಅವರ ಮೇಲೆ ತಪ್ಪು ಹೊರಿಸುವುದಿಲ್ಲ.

ಮೂರು ಗಂಟೆಗೆ ನಟೋವಿ ತಲುಪಿದೆವು. ಹಡಗು ಖಾಲಿಯಾಗುವವರೆಗೆ ಕಾಯಬೇಕೆಂದು ಎಲ್ಲರೂ ಕೆಳಗಿಳಿದರು. ಬಸ್ಸಿನ ಹಿಂದಿನ ಸೀಟಿನಲ್ಲಿದ್ದ ಒಬ್ಬ ಹಿರಿಯರು ಇಳಿದು ಬಾದಾಮಿ ಮರದ ಕೆಳಗೆ ಕೂತರು. ಮೈಮೇಲೆ ನೈಮಾವು ರಗ್ಬಿ ತಂಡದ ಹಸಿರು ಅಂಗಿ. ಮಡಿಲಲ್ಲಿ ಚಾಪೆಯಲ್ಲಿ ಸುತ್ತಿದ ಗಂಟು, ಮಲಗಿದ ಮಗುವನ್ನು ಹಿಡಿದ ಹಾಗೆ ಹಿಡಿದಿದ್ದರು. ನಾನು ನೋಡಿದ್ದು ಅಂಗಿಯನ್ನು ಮಾತ್ರ. ಯಾವ ಊರು ಎಂದು ಕೇಳುವುದು ನಮ್ಮಲ್ಲಿ ಮೊದಲ ಮಾತು. ಅದನ್ನು ಕೇಳಲಿಲ್ಲ.

ನೇರವಾಗಿ ಹೋಗಿ ಎದುರು ನಿಂತು, ನ್ಯಾಯಾಲಯದ ದನಿಯಲ್ಲಿ, "ಏನ್ ಭಾವ, ನಮ್ಮೂರಿನ ಬಾಕಿ ಹಾಗೇ ಇಟ್ಕೊಂಡು ಹಡಗು ಹತ್ತೋಕೆ ಹೊರಟ್ಯಾ? ದೇವರ ಆಜ್ಞೆ ಮೇರೆಗೆ ಈ ಗಂಟು ಜಪ್ತಿ!" ಎಂದು ಹೇಳಿ ಗಂಟನ್ನು ಎತ್ತಿಕೊಂಡೆ. ಮೇರಿಯನ್ ಫೋನಿನಲ್ಲಿ ವಿಡಿಯೊ ತೆಗೆಯುತ್ತಿದ್ದರು.

ಹಿರಿಯರು, "ಅದನ್ನ ಮುಟ್ಬೇಡಪ್ಪ, ಕೆಳಗಿಡು" ಎಂದರು. ಮೆಲ್ಲಗೆ ಹೇಳಿದರು. ನಿಜವಾದ ತೌವು ಆಗಿದ್ದರೆ ನನ್ನ ವಂಶವನ್ನೆಲ್ಲ ಎಳೆದು ಜಾಡಿಸುತ್ತಿದ್ದರು. ಈತ ಗಂಭೀರವಾಗಿ ನಟಿಸುವುದರಲ್ಲಿ ನನ್ನನ್ನೂ ಮೀರಿಸಿದವರು ಎಂದುಕೊಂಡು ನನಗೆ ಇನ್ನಷ್ಟು ಹುರುಪು ಬಂತು. ಆಗಷ್ಟೇ ಹಡಗಿನಿಂದ ಇಳಿದು ನಿಂತಿದ್ದ ಕೆಸುವಿನ ಗೆಡ್ಡೆಯ ಲಾರಿಯ ಹಿಂಭಾಗದಲ್ಲಿ, ಮೂಟೆಗಳ ನಡುವೆ ಗಂಟನ್ನು ತೂರಿಸಿ, "ಹುಡುಕ್ಕೋ ಭಾವ! ಸಿಕ್ರೆ ನಿಂದು, ಸಿಗದಿದ್ರೆ ದೇವರದು!" ಎಂದೆ. ಅತಿಥಿಗಳು ಚಪ್ಪಾಳೆ ತಟ್ಟಿದರು. ನಾನು ಅವರ ಕಡೆ ತಿರುಗಿ ಸೊಂಟ ಬಗ್ಗಿಸಿ ವಂದಿಸಿದೆ.

ವಂದಿಸಿ ತಿರುಗುವಷ್ಟರಲ್ಲಿ ಲಾರಿ ಹೊರಟಿತ್ತು. ರಸ್ತೆಯಲ್ಲಿ ಸುಮಾರು ಇನ್ನೂರು ಮೀಟರ್ ಕೂಗುತ್ತ ಓಡಿದೆ. ಲಾರಿ ತಿರುವು ದಾಟಿತು. ಇತ್ತ ಹಡಗು ಹಾರ್ನ್ ಹೊಡೆಯಿತು. ಅತಿಥಿಗಳನ್ನು ಬಿಟ್ಟುಹೋಗುವಂತಿರಲಿಲ್ಲ. ವಾಪಸು ಓಡಿ ಬಂದು ಹಡಗು ಹತ್ತಿದೆ. ಆಗಲೂ ನಾನು ನಗುತ್ತಲೇ ಇದ್ದೆನೆಂದು ಸತ್ಯಕ್ಕೆ ತಕ್ಕಂತೆ ಹೇಳುತ್ತೇನೆ. ಅತಿಥಿಗಳು ನನ್ನನ್ನೇ ನೋಡುತ್ತಿದ್ದರು.

ಹಿರಿಯರು ಹಡಗಿನ ಕಂಬಿಯ ಬಳಿ ಖಾಲಿ ಕೈ ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನಾನು ಹೋಗಿ, "ಚಿಂತೆ ಬೇಡ ಭಾವ, ಒಳಗೇನಿತ್ತೋ ಅದಕ್ಕೆರಡು ಪಟ್ಟು ಕೊಡಿಸ್ತೀನಿ" ಎಂದೆ. ಅವರು, "ನಾನು ನೈಮಾವಿನವನಲ್ಲ ಮಗಾ. ಅಂಗಿ ನನ್ ಮಗಂದು. ಅವನು ಆ ತಂಡದಲ್ಲಿ ಆಡ್ತಾನೆ" ಎಂದರು. ಅಷ್ಟೇ.

ಉಳಿದದ್ದನ್ನು ಹೇಳಿದವನು ರಾಮ್‌ಸಮುಝ್. ನನ್ನ ರಟ್ಟೆ ಹಿಡಿದು ಬಸ್ಸಿನ ಹಿಂದಕ್ಕೆ ಎಳೆದುಕೊಂಡು ಹೋಗಿ, "ಏನ್ ಮಾಡ್ದೆ ಮಾರಾಯ ನೀನು? ಅದರಲ್ಲಿ ತಿಮಿಂಗಿಲದ ಹಲ್ಲಿತ್ತು ಕಣೋ! ಸುವಾದಲ್ಲಿ ಹತ್ತುವಾಗ್ಲೇ ನನಗೆ ಹೇಳಿದ್ರು, ಗುಂಡಿ ಬಂದಾಗ ನಿಧಾನ ಹೋಗಪ್ಪ ಅಂತ" ಎಂದನು. ಕೆಲೆಮೆದಿಯವರ ಮಗ ಲೆವುಕದ ಹುಡುಗಿಯನ್ನು ಯಾರಿಗೂ ಹೇಳದೆ ಕರೆದುಕೊಂಡು ಹೋಗಿದ್ದನಂತೆ. ಹುಡುಗಿ ಹೆರಿಗೆಗೆ ತವರಿಗೆ ಬಂದಳು. ಅವಳ ತಂದೆ ಸವೆನಾಕ, ಗಂಡಿನ ಕಡೆಯ ಹಿರಿಯರು ಬಂದು ತಪ್ಪೊಪ್ಪಿಕೊಳ್ಳುವವರೆಗೆ ತಾಯಿಯನ್ನೂ ಕಳಿಸುವುದಿಲ್ಲ, ಮಗುವನ್ನೂ ತೋರಿಸುವುದಿಲ್ಲ ಎಂದು ಪಟ್ಟು ಹಿಡಿದರು. ಮಗುವಿಗೆ ನಾಲ್ಕು ತಿಂಗಳು. ಹೆಣ್ಣು. ಅಜ್ಜ ಇನ್ನೂ ನೋಡಿಲ್ಲ. ಎಷ್ಟೋ ಜನರ ಕೈಕಾಲು ಹಿಡಿದ ಮೇಲೆ ಇವತ್ತಿನ ಸಂಜೆ ಬರಲು ಅಪ್ಪಣೆ ಸಿಕ್ಕಿತ್ತು. ಹಲ್ಲನ್ನು ಎರಡೂ ಕೈಯಲ್ಲಿ ಮುಂದಿಡದೆ ನಮ್ಮಲ್ಲಿ ಯಾರೂ ಇಂಥ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಅದು ಇನ್ನೊಂದು ಅವಮಾನ. ಸವೆನಾಕರ ಮನೆಗೆ ಹೋಗುವಾಗ ಹಾಕಿಕೊಳ್ಳಬೇಕೆಂದು ಇಸ್ತ್ರಿ ಮಾಡಿಸಿದ್ದ ಅಂಗಿಯೂ ಅದೇ ಗಂಟಿನಲ್ಲಿತ್ತು.

ಆ ಒಂದು ಗಂಟೆಯ ಸಮುದ್ರಯಾನದ ಬಗ್ಗೆ ಹೇಳುವಂಥದ್ದೇನೂ ಇಲ್ಲ. ಮೇರಿಯನ್ ಎರಡು ಸಲ ಬಂದು ಮುಂದಿನ ತಮಾಷೆ ಯಾವಾಗ ಎಂದು ಕೇಳಿದರು.

ಹಡಗಿನಿಂದ ಇಳಿದ ಅದೇ ಬಸ್ಸಿನಲ್ಲಿ ಐದೂವರೆಗೆ ಲೆವುಕ ತಲುಪಿ, ಅತಿಥಿಗಳನ್ನು ವಸತಿಗೃಹದಲ್ಲಿ ಬಿಟ್ಟು, ಕೆಲೆಮೆದಿಯವರ ಹಿಂದೆ ಹೋದೆ. ಬರಬೇಡ ಎಂದು ಅವರು ಹೇಳಲಿಲ್ಲ. ಸವೆನಾಕರ ಮನೆ ಚರ್ಚಿನ ಮೇಲಿನ ಮೆಟ್ಟಿಲುಗಳ ಪಕ್ಕದಲ್ಲಿದೆ. ಒಳಗೆ ಚಾಪೆ ಹಾಸಿ ಬಂಧುಗಳೆಲ್ಲ ಸಾಲಾಗಿ ಕೂತು ಕಾಯುತ್ತಿದ್ದರು. ಕೆಲೆಮೆದಿಯವರು ಹೊಸ್ತಿಲ ಹೊರಗೆ, ಹುಲ್ಲಿನ ಮೇಲೆ, ತಲೆ ತಗ್ಗಿಸಿ ಕೂತರು. ಆ ಹಸಿರು ಅಂಗಿಯಲ್ಲೇ.

ಸವೆನಾಕರು ಬಾಗಿಲಿಗೆ ಬಂದು, "ಕೈಯಲ್ಲೇನಿದೆ?" ಎಂದು ಕೇಳಿದರು.

ಕೆಲೆಮೆದಿಯವರು, "ತಂದಿದ್ದೆ. ದಾರಿಯಲ್ಲಿ ಕಳ್ಕೊಂಡೆ. ನನ್ನದೇ ಅಜಾಗ್ರತೆ" ಎಂದರು.

ನಾನು ಅವರ ಬೆನ್ನ ಹಿಂದೆ ಮೂರು ಅಡಿ ದೂರದಲ್ಲಿದ್ದೆ. ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ಮಗ ಹುಡುಗೀನ ಕದ್ದ. ಅಪ್ಪ ಆಟದ ಅಂಗಿ ಹಾಕ್ಕೊಂಡು ಕೈ ಬೀಸ್ಕೊಂಡು ಬಂದಿದ್ದಾನೆ. ನಮ್ಮನ್ನ ಏನಂದ್ಕೊಂಡಿದೀರಿ?" ಎಂದು ಸವೆನಾಕರು ಗಟ್ಟಿಯಾಗಿ ಹೇಳಿದರು. ಆಗ ನಾನು ಮಧ್ಯೆ ಬಾಯಿ ಹಾಕಿ, ಕಳೆದದ್ದು ಅವರಲ್ಲ, ಎತ್ತಿದ್ದು ನಾನು ಎಂದು ನಡೆದದ್ದನ್ನೆಲ್ಲ ಹೇಳಿದೆ. ಸವೆನಾಕರು ನನ್ನ ಮುಖವನ್ನೇ ನೋಡಿ, "ಇವನು ಆ ರೆಸಾರ್ಟಿನ ಕೋಡಂಗಿ ಅಲ್ವಾ? ಹೋದ ವರ್ಷ ನಮ್ ಪಾದ್ರಿಗೆ ದೆವ್ವ ತೋರಿಸ್ದೋನು! ನಗ್ಸೋಕೆ ಸಂಬಳ ತಗೊಳ್ಳೋನ ಮಾತು ನಾನ್ಯಾಕೆ ನಂಬ್ಲಿ? ಪೊಲೀಸರ ಮುಂದೆ ಹೇಳು. ಸೀಲು ಹಾಕಿಸ್ಕೊಂಡು ಬಾ. ಆಮೇಲೆ ನೋಡೋಣ" ಎಂದು ಬಾಗಿಲು ಹಾಕಿಕೊಂಡರು.

ಪಾದ್ರಿಯವರ ವಿಷಯ ನಿಜ. ಅದಕ್ಕೆ ಪ್ರತ್ಯೇಕ ಹೇಳಿಕೆ ಬೇಕಿದ್ದರೆ ಕೊಡುತ್ತೇನೆ.

ಮೇರಿಯನ್ ಅವರ ಫೋನಿನಲ್ಲಿ ಎಲ್ಲವೂ ಇದೆ, ಅದನ್ನೇ ಸವೆನಾಕರಿಗೆ ತೋರಿಸಿದರಾಯಿತಲ್ಲ ಎಂದು ಕಾರ್ಪೊರಲ್ ಕೇಳಿದರು. ಅದನ್ನು ವಸತಿಗೃಹದಲ್ಲಿ ನಾನು ನೋಡಿ ಬಂದಿದ್ದೇನೆ. ಅದರಲ್ಲಿ ಕೆಲೆಮೆದಿಯವರು ಎದ್ದು ನಿಂತು ಎರಡೂ ಕೈ ಚಾಚುತ್ತಾರೆ. ಸುತ್ತ ಇರುವವರೆಲ್ಲ ಅವರನ್ನು ನೋಡಿ ನಗುತ್ತಾರೆ. ಅದನ್ನು ಅವರ ಬೀಗರ ಮನೆಯಲ್ಲಿ ತೋರಿಸಬಾರದು. ಲಾರಿಯ ನಂಬರಿಗಾಗಿ ಠಾಣೆಯವರು ಮಾತ್ರ ನೋಡಬೇಕೆಂದು ಕೋರುತ್ತೇನೆ.

ಲಾರಿಯನ್ನು ಹುಡುಕಿಸಿಕೊಡಬೇಕು. ನನ್ನ ಮೇಲೆ ಕಳ್ಳತನವೆಂದು ಬರೆಯುವುದಾದರೆ ಬರೆಯಬಹುದು. ತಮಾಷೆ ಎಂದು ಮಾತ್ರ ಬರೆಯಬಾರದು. ಕೆಲೆಮೆದಿಯವರು ಈಗಲೂ ಅದೇ ಹುಲ್ಲಿನ ಮೇಲೆ ಕೂತಿದ್ದಾರೆ. ಮಳೆ ಹನಿಯುತ್ತಿದೆ. ಎಬ್ಬಿಸಲು ಹೋದೆ, ಏಳಲಿಲ್ಲ. ಒಳಗೆ ಮಗು ಅಳುವುದು ಅವರಿಗೆ ಅಲ್ಲಿಂದ ಕೇಳಿಸುತ್ತದೆ. ಆದ್ದರಿಂದ ಸೀಲು ಬೇಗ ಹಾಕಿಕೊಡಬೇಕು, ಮಸುಕಾಗದ ಹಾಗೆ ಹಾಕಿಕೊಡಬೇಕು.

ಮೇಲೆ ಹೇಳಿದ್ದನ್ನು ನನಗೆ ಓದಿ ಹೇಳಿದ್ದಾರೆ. ಎಲ್ಲವೂ ನಡೆದದ್ದು ನಡೆದ ಹಾಗೇ ಇದೆ. ಇದರಲ್ಲಿ ನಂಬಬಾರದ ಮಾತು ಒಂದೂ ಇಲ್ಲ.

ಸ್ಥಳ: ಲೆವುಕ
ದಿನಾಂಕ: 14-3-2019, ಸಂಜೆ 6.40
(ಸಹಿ) ಅಪಿಸಾಯಿ ನೈವಾಲು

ಠಾಣೆಯ ಷರಾ: ಲಾರಿ ಇನ್ನೂ ಪತ್ತೆಯಾಗಿಲ್ಲ. ನಟೋವಿಗೆ ಹತ್ತಿರದ ಕೊರೊವೌ ಠಾಣೆಗೆ ನಂಬರ್ ತಿಳಿಸಲಾಗಿದೆ. ಈ ಹೇಳಿಕೆಯನ್ನು ನಾನೇ ತೆಗೆದುಕೊಂಡು ಹೋಗಿ ಸವೆನಾಕರ ಬಾಗಿಲ ಮುಂದೆ ಕೊಡೆ ಹಿಡಿದು ಪೂರ್ತಿ ಓದಿದೆ.  ನಂತರ ಬಾಗಿಲು ತೆರೆಯಿತು. ಹಲ್ಲು ಬರುವವರೆಗೆ ಕ್ಷಮೆಯ ಮಾತಿಲ್ಲ, ಆದರೆ ಅಜ್ಜ ಒಳಗೆ ಬಂದು ಮಗುವಿನ ಹತ್ತಿರ ಕೂತಿರಲಿ ಎಂದು ಸವೆನಾಕರು ಹೇಳಿದರು. ಕೆಲೆಮೆದಿಯವರನ್ನು ಇಬ್ಬರು ಹಿಡಿದು ಎಬ್ಬಿಸಿ ಒಳಗೆ ಕರೆದುಕೊಂಡರು. ಹೇಳಿಕೆದಾರನನ್ನು ಕರೆಯಲಿಲ್ಲ. ಅವನೂ ಕೇಳಲಿಲ್ಲ.

(ಸಹಿ) ಕಾರ್ಪೊರಲ್ ಸೈನಿಮಿಲಿ